ಕೊನೆಯ ಸಾಲಿನ ಐದು ಅಕ್ಷರ

ಚಾಮರಾಜಪೇಟೆಯ ನಮ್ಮ ಇಂಜೆಕ್ಷನ್ ಫ್ಯಾಕ್ಟರಿಯಲ್ಲಿ ಗಂಗರತ್ನಮ್ಮನ ಕಣ್ಣು ತಪ್ಪಿಸಿ ಔಷಧಿಯೊಳಗೆ ಸೇರಿದ ಒಂದು ಎಳೆ ನೂಲೂ ಹೊರಗೆ ಹೋಗುತ್ತಿರಲಿಲ್ಲ. ಔಷಧಿ ತುಂಬಿದ ಗಾಜಿನ ಆಂಪೂಲುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಕಪ್ಪು ಹಲಗೆಗೆ, ಒಮ್ಮೆ ಬಿಳಿ ಹಲಗೆಗೆ ಒಡ್ಡಿ, ಒಳಗೆ ಕಸವೋ ಗಾಜಿನ ಚೂರೋ ತೇಲುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಅದನ್ನೇ. ಗಂಡ ಸತ್ತ ಮೇಲೆ ಮಗಳನ್ನು ಸಾಕಿದ್ದು ಆ ಕಣ್ಣುಗಳೇ. ಪಕ್ಕದ ಸ್ಟೂಲಿನ ನನಗೆ ಕೆಲಸ ಕಲಿಸಿದವಳೂ ಅವಳೇ.

ಎಂಬತ್ತೆರಡನೇ ಇಸವಿಯಲ್ಲಿ ಅವಳ ಕಣ್ಣು ಮಂಜಾಯಿತು. ವರ್ಷಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರ ಅಕ್ಷರದ ಬೋರ್ಡಿನಲ್ಲಿ ಕೊನೆಯ ಸಾಲು ಓದಲಾರದವರಿಗೆ ಕೆಲಸವಿಲ್ಲ.

"ಶೈಲಜಾ, ಮಗಳಿಗೆ ಏಳು ತಿಂಗಳು ಕಣೇ. ಬಾಣಂತನ ಮುಗಿಯೋವರ್ಗೂ ಕೆಲ್ಸ ಉಳಿದ್ರೆ ಸಾಕು" ಎಂದಳು.

ಆ ಕೊನೆಯ ಸಾಲಿನ ಐದು ಅಕ್ಷರಗಳನ್ನು ನಾನೇ ಬಾಯಿಪಾಠ ಮಾಡಿಸಿದೆ. ಅವಳು ಗಡಗಡ ಒಪ್ಪಿಸಿ ಪಾಸಾದಳು. ಇಬ್ಬರೂ ಶಾಲೆಯ ಹುಡುಗಿಯರಂತೆ ನಕ್ಕೆವು. ಆ ನಗು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳ ಟ್ರೇಯನ್ನು ನಾನು ಇನ್ನೊಮ್ಮೆ ನೋಡಿಬಿಡುತ್ತೇನೆ ಎಂದುಕೊಂಡಿದ್ದೆ. ಆದ ದಿನ ನೋಡಿದೆ, ಆಗದ ದಿನ ಬಿಟ್ಟೆ.

ಮಗಳಿಗೆ ಹೆರಿಗೆಯಾಗಿ ಜ್ವರ ಏರಿತು. ಆಸ್ಪತ್ರೆಗೆ ನಾನೂ ಹೋಗಿದ್ದೆ. ನರ್ಸ್ ತಂದದ್ದು ನಮ್ಮ ಫ್ಯಾಕ್ಟರಿಯ ಆಂಪೂಲನ್ನೇ.

"ಒಂದ್ನಿಮಿಷ ಕೊಡಿ ಸಿಸ್ಟರ್" ಎಂದು ಗಂಗರತ್ನಮ್ಮ ಇಸಿದುಕೊಂಡಳು. ಕಿಟಕಿಯ ಬೆಳಕಿನಲ್ಲಿ ತನ್ನ ಕಪ್ಪು ಕುಪ್ಪಸದ ತೋಳಿಗೆ ಒಡ್ಡಿದಳು, ಬಿಳಿ ಹಾಸಿಗೆಗೆ ಒಡ್ಡಿದಳು. ಮಂಜು ಬಿಟ್ಟು ಅವಳಿಗೆ ಏನೂ ಕಾಣಲಿಲ್ಲ. ನನಗೆ ಕೊಟ್ಟಳು.

ಎರಡು ಸಲ ನೋಡಿದೆ. "ಏನೂ ಇಲ್ಲ ಅಕ್ಕ, ಚೊಕ್ಕವಾಗಿದೆ."

"ನೋಡಿ ಹೇಳ್ತಿದೀಯಾ? ಇಲ್ಲ, ನಂಗೆ ಬೋರ್ಡ್ ಓದೋಕೆ ಹೇಳ್ಕೊಟ್ಯಲ್ಲ, ಹಂಗೆ ಹೇಳ್ತಿದೀಯಾ?"

ಅವಳು ಹಟ ಹಿಡಿದು ಬೇರೆ ಆಂಪೂಲ್ ತರಿಸಿದಳು. ಅದೂ ಅದೇ ಡಬ್ಬಿಯದೆಂದು ನರ್ಸ್ ಹೇಳಿದಾಗ ಕಣ್ಣು ಮುಚ್ಚಿ ಕೂತು, ಅದನ್ನೇ ಚುಚ್ಚಲು ಬಿಟ್ಟಳು.

ಮಗಳು ಉಳಿದಳು. ಜ್ವರ ಇಳಿದ ಮರುದಿನವೇ ಗಂಗರತ್ನಮ್ಮ ಸೂಪರ್‌ವೈಸರ್ ಮಾಯಣ್ಣನವರ ಮುಂದೆ ನಿಂತು, "ನಂಗೆ ಕಣ್ಣು ಕಾಣಲ್ಲ ಸಾರ್" ಎಂದಳು. ನನ್ನ ಹೆಸರು ಎತ್ತಲಿಲ್ಲ. ಅವಳ ಕೆಲಸ ಹೋಯಿತು, ನನ್ನದು ಉಳಿಯಿತು. ಅವಳು ನೋಡಿ ಕಳಿಸಿದ ಎಷ್ಟೋ ಡಬ್ಬಿಗಳು ಆಗಲೇ ಅಂಗಡಿ ಸೇರಿದ್ದವು.

ಆಮೇಲೂ ಗವಿಪುರಂನ ಅವಳ ಮನೆಗೆ ಹೋಗುತ್ತಿದ್ದೆ. ಕಾಫಿ ಕೊಡುತ್ತಿದ್ದಳು, ಮೊಮ್ಮಗುವನ್ನು ಮಡಿಲಿಗೆ ಹಾಕುತ್ತಿದ್ದಳು. ಅಕ್ಕಿ ಆರಿಸಿಕೊಡುತ್ತೇನೆಂದರೆ ಮಾತ್ರ "ಬೇಡ ಬಿಡು" ಎಂದು ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳಿನಲ್ಲೇ ತಡವಿ ತಡವಿ ಕಲ್ಲು ಹುಡುಕುತ್ತಿದ್ದಳು.