ನೀಲವ್ವನ ನೀರಡಿಕೆ

ಹೋದ ಬೇಸಿಗೆಯ ಒಂದು ಮಧ್ಯಾಹ್ನ ವಳಸಂಗದ ನಮ್ಮ ಮನೆಯ ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತ್ತು. ಅವ್ವ, ತಮ್ಮ ಬಸವಂತ, ಬಿಳೂರಿನಿಂದ ಬಂದ ಬೀಗರು, ನಾನು. ಬಾಗಿಲ ಮರೆಯಲ್ಲಿ ಆರೋಪಿ: ತಮ್ಮನ ಹೆಂಡತಿ ನೀಲವ್ವ.

ಅಪರಾಧ? ನೀರು ಕುಡಿಯುವುದು!

ನಗಬೇಡಿ. (ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದರೂ ನಮ್ಮ ಬಾವಿಯ ನೀರೇನೂ ಮೇಲೇರಿಲ್ಲ.) ಸಂಜೆ ತುಂಬಿಟ್ಟ ಕೊಡ ಬೆಳಗಾಗುವುದರೊಳಗೆ ಖಾಲಿ. ಕುಡಿದದ್ದಷ್ಟೂ ಹೊರಗೆ, ಹಿತ್ತಿಲಿಗೆ ಓಡಿದ್ದೇ ಓಡಿದ್ದು.

"ಬೀಗರ, ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ. ಇದು ಗಾಳಿ ಸೋಂಕು," ಎಂದಳು ಅವ್ವ. "ಚಟಾ ಬಿಡಸೂಣಂತ ನಿನ್ನೆ ಕೊಡಾ ಒಳಗಿಟ್ಟು ಕೀಲಿ ಹಾಕಿದೆ. ಮುಂಜಾನೆ ನೋಡಿದ್ರ ಬಚ್ಚಲದಾಗ ಎಚ್ಚರಿಲ್ಲದ ಬಿದ್ದಿದ್ಲು! ನಾಳೆ ನನ್ನ ಮನ್ಯಾಗ ಏನರ ಆದ್ರ?"

ಬೀಗರು ತಲೆ ತಗ್ಗಿಸಿದರು. ನನ್ನೆದುರು ಎಂದೂ ಬಾಯಿ ಬಿಡದ ನೀಲವ್ವ ಅಂದು ಮಾತಾಡಿದಳು.

"ಅಪ್ಪಾ, ನಾ ಬರಂಗಿಲ್ಲ. ಭಾವಾರ, ನನ್ನ ಸಾಂಗ್ಲಿ ಡಾಕ್ಟರಗ ತೋರಸ್ರಿ."

ತೋರಿಸಿದೆವು. ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ಒಂದು ಗ್ಲ್ಯಾಂಡ್ ಇದೆಯಂತೆ. ಎಷ್ಟು ನೀರು ಇಟ್ಟುಕೊಳ್ಳಬೇಕು, ಎಷ್ಟು ಬಿಡಬೇಕು ಎಂದು ಮೂತ್ರಪಿಂಡಕ್ಕೆ ಆರ್ಡರ್ ಹೋಗುವುದು ಅಲ್ಲಿಂದ. ಆ ಆರ್ಡರ್ ಒಯ್ಯುವ ರಸವೇ ಹಾರ್ಮೋನ್. ನೀಲವ್ವನಲ್ಲಿ ಅದು ಬತ್ತಿದೆ. ಮೈಯಲ್ಲಿ ನೀರು ನಿಲ್ಲದು, ಆದ್ದರಿಂದ ನೀರಡಿಕೆಯೂ ನಿಲ್ಲದು. ಕೀಲಿಯ ಸುದ್ದಿ ಕೇಳಿ ಡಾಕ್ಟರು ಹೌಹಾರಿದರು. ಮತ್ತೊಮ್ಮೆ ಹಾಗೆ ಮಾಡಿದರೆ ಜೀವವೇ ಹೋದೀತು ಎಂದರು.

ಹೆಚ್ಚು ಉಂಡವಳನ್ನು ಹೊಟ್ಟೆಬಾಕಿ ಎನ್ನುತ್ತೇವೆ, ಕಡಿಮೆ ಉಂಡವಳನ್ನು ಗುಣವಂತೆ ಎನ್ನುತ್ತೇವೆ. ನೀಲವ್ವನ ನೀರಡಿಕೆಯನ್ನೂ ಹಾಗೆಯೇ ಚಟ ಎಂದೆವು. ಗದರಿಸಿದರೆ ಗ್ಲ್ಯಾಂಡ್ ಕೇಳುತ್ತದೆಯೆ?

ಔಷಧ ಒಂದು ಪುಡಿ. ನಶ್ಯದ ಹಾಗೆ ಮೂಗಿಗೆ ಏರಿಸಬೇಕು, ದಿನಾಲೂ. ಯಾವುದರ ಪುಡಿ? ಪ್ರಾಣಿಗಳ ಅದೇ ಗ್ಲ್ಯಾಂಡನ್ನು ಒಣಗಿಸಿ ಅರೆದದ್ದು! (ಮೊಟ್ಟೆಯ ಸಿಪ್ಪೆ ಕಂಡರೆ ಅಂಗಳ ಸಾರಿಸುವ ಮನೆ ನಮ್ಮದು.)

ಅವ್ವ ಸಿಡಿದಳು. "ಕೊರಳಾಗ ಲಿಂಗ ಕಟಗೊಂಡು ಅದನ್ನ ಮೂಗಿಗೇರಸ್ತೀ? ಅದೂ ಹೆಣಮಗಳು, ಮುದುಕರು ತಪಕೀರ ಸೇದಿಧಂಗ!"

"ಅತ್ತೀ, ನಾ ಉಳದ್ರ ಲಿಂಗಪೂಜಿ. ಸತ್ತಮ್ಯಾಲ ಯಾರ ಪೂಜಿ ಮಾಡ್ತಾರ?"

ಎಂದವಳೇ ಎಲ್ಲರೆದುರು ಒಂದು ಚಿಟಿಕೆ ಏರಿಸಿದಳು. ಸೀನಿದ್ದೇ ಸೀನಿದ್ದು. ತಮ್ಮ ನಕ್ಕ. ಅವ್ವ ನಗಲಿಲ್ಲ.

ಆ ರಾತ್ರಿ ನೀಲವ್ವ ಎಷ್ಟೋ ತಿಂಗಳ ಮೇಲೆ ಬೆಳಗಿನವರೆಗೆ ನಿದ್ದೆ ಮಾಡಿದಳು. ಮುಂಜಾನೆ ಕಣ್ಣು ಕೆಂಪಾಗಿದ್ದದ್ದು ಅವ್ವನದು. ಸೊಸೆಯ ಉಸಿರು ನೋಡಲು ಎದ್ದೆದ್ದು ಹೋಗಿದ್ದಳಂತೆ. ಬಿಳೂರಿಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಹಿಂಗಾರಿ ಜೋಳದ ಬಿತ್ತಿಗೆಯ ಹೊತ್ತಿಗೆ ಪುಡಿ ತೀರಿತು. ನಾವು ಅಣ್ಣತಮ್ಮಂದಿರು ಹೊಲದಲ್ಲಿದ್ದೆವು. ನಮಗೂ ಹೇಳದೆ ಅವ್ವ ಒಬ್ಬಳೇ ಸಾಂಗ್ಲಿಯ ಬಸ್ಸು ಹತ್ತಿದಳು.

"ಈ ವಯಸ್ಸಿನಾಗ ಅಷ್ಟು ದೂರ ಯಾಕ, ಆಯಿ?" ಎಂದು ಕಂಡಕ್ಟರ್ ಕೇಳಿದನಂತೆ.

"ಸೊಸಿ ಔಷಧಾ ತೀರೇತಿ. ಲಗೂನ ಟಿಕೀಟ ಹರಿ," ಎಂದಳಂತೆ ಅವ್ವ.