ಆ ಹೆಸರಿನವರು ಇಲ್ಲಿಲ್ಲ

ಮುನಿಲಕ್ಷ್ಮಿ ನನ್ನ ಪಕ್ಕದ ಮನೆಯ ಹುಡುಗಿ. ಊರಿಗಾಂ ಚಿನ್ನದ ಗಣಿಯ ಕೂಲಿಯವರ ಲೈನಿನಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಅವಳು ಕೆಮ್ಮಿದರೂ ನನಗೆ ಕೇಳುತ್ತದೆ. ಬಸ್ಸಿನಲ್ಲಿ ನಿಂತುಕೊಂಡೇ ಓದಿ ಎಂ.ಎ. ಮಾಡಿದವಳು. ಕಾಮಸಮುದ್ರದ ಹೊಲಗಳಿಗೆ ಔಷಧಿ ಹೊಡೆಯುವ ಡ್ರೋನ್ ಬಂದಾಗ ಊರೆಲ್ಲ ಬಾಯಿಬಿಟ್ಟುಕೊಂಡು ಮೇಲೆ ನೋಡಿತು. ಇವಳು ಮಾತ್ರ, "ಇಂಥದ್ದು ದೇಶದ ಗಡಿ ದಾಟಿ ಬಂದ್ರೆ ತಡೆಯೋಕೆ ಕಾನೂನು ಏನೈತೆ ದೊಡ್ಡಪ್ಪ?" ಎಂದು ನನ್ನ ತಲೆ ತಿಂದಳು. ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಕೊರೆದವನಿಗೆ ಏನು ಗೊತ್ತು?

ಅದನ್ನೇ ಆರು ವರ್ಷ ಓದಿದಳು, ಬರೆದಳು. ಕೊನೆಗೆ ದೆಹಲಿಯ ಒಂದು ಕಚೇರಿ, ದೇಶದ ಭದ್ರತೆಗಾಗಿ ಇಂಥ ಹೊಸ ಯಂತ್ರಗಳಿಗೆ ನಿಯಮ ರೂಪಿಸುವಂಥದ್ದು, ಅವಳನ್ನು ಕೆಲಸಕ್ಕೆ ಆರಿಸಿತು. ಪೊಲೀಸ್ ವಿಚಾರಣೆ ಮುಗಿಯುವವರೆಗೆ ಯಾರಿಗೂ ಹೇಳಬಾರದು ಎಂದಿದ್ದರಂತೆ. ನನಗೂ ಹೇಳಲಿಲ್ಲ, ಪುಣ್ಯಾತ್ಗಿತ್ತಿ!

ತಾಯಿ ಮಗಳು ಬಂಗಾರಪೇಟೆಗೆ ಹೋಗಿದ್ದ ದಿನ ಪೇದೆ ಬಂದ. "ಮುನಿಲಕ್ಷ್ಮಿ ಅನ್ನೋಳು ಎಲ್ಲಿ? ಯಾರ ಜೊತೆ ಓಡಾಡ್ತಾಳೆ?" ಎಂದ.

ಖಾಕಿ ಕೇಳಿದರೆ ನಮ್ಮ ಲೈನಿನಲ್ಲಿ ಉತ್ತರ ಒಂದೇ. ಗಣಿಯಿಂದ ಕದ್ದು ತಂದ ಚಿನ್ನದ ಮಣ್ಣಿಗಾಗಿ ಪೊಲೀಸರು ಮನೆಮನೆ ಜಾಲಾಡುತ್ತಿದ್ದ ಕಾಲದಿಂದ ಬಂದ ಕಟ್ಟಳೆ ಅದು. ಇಲ್ಲಿನ ಮಕ್ಕಳಿಗೆಲ್ಲ ಕಲಿಸಿದವನೇ ನಾನು. ಅವಳ ಮೇಲೆ ಯಾವನೋ ದೂರು ಕೊಟ್ಟಿದ್ದಾನೆ ಎಂದುಕೊಂಡು ಎದೆಯುಬ್ಬಿಸಿ ಹೇಳಿದೆ, "ಆ ಎಸ್ರಿನವರು ಇಲ್ಲಿಲ್ಲ ಸಾ. ಉಟ್ಟಿದಾಗಿಂದ ಇಲ್ಲೇ ಇವ್ನಿ, ಕೇಳೇ ಇಲ್ಲ." ಎದುರುಮನೆ ಅಮ್ಮಾಜಮ್ಮನೂ ಹೌದೆಂದು ತಲೆಯಾಡಿಸಿದಳು. ಅವನು ಬರೆದುಕೊಂಡು, ಕೆಳಗೆ ಕೋದಂಡಪ್ಪ ಎಂದು ನನ್ನ ಸಹಿ ಹಾಕಿಸಿಕೊಂಡ. ಹುಡುಗಿ ಸುಮ್ಮನೆ ಹೆದರುತ್ತಾಳೆಂದು ಅವಳಿಗೆ ಹೇಳಲಿಲ್ಲ. ಅವಳನ್ನು ಉಳಿಸಿದೆನೆಂದು ಅವತ್ತು ಒಂದು ಮುದ್ದೆ ಹೆಚ್ಚಿಗೇ ಉಂಡೆ.

ತಿಂಗಳ ಮೇಲೆ ದೆಹಲಿಯಿಂದ ಅವಳಿಗೆ ಕಾಗದ ಬಂತು. ಕೊಟ್ಟ ವಿಳಾಸದಲ್ಲಿ ವಾಸವಿಲ್ಲ, ಆಯ್ಕೆ ರದ್ದು. ಠಾಣೆಗೆ ಓಡಿ, ನಾನು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟೆ. ಅಷ್ಟರಲ್ಲಿ ಕೆಲಸ ಬೇರೆಯವರಿಗೆ ಹೋಗಿತ್ತು. ಮುಂದಿನ ಸಲಕ್ಕೆ ಇವಳ ವಯಸ್ಸು ಮೀರಿತು. ಈಗ ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಊರವರ ಅರ್ಜಿ ತುಂಬುತ್ತಾಳೆ. ಬೆಳಿಗ್ಗೆ ಹೊರಡುವಾಗ, "ಕಾಪಿ ಕುಡಿದ್ಯಾ ದೊಡ್ಡಪ್ಪ?" ಎನ್ನುತ್ತಾಳೆ. ಥೂ, ಒಂದು ಸಲ ಬಾಯಿತುಂಬ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮೊನ್ನೆ ಭಾನುವಾರ ಮತ್ತೆ ಪೇದೆ ಬಂದ. ಬರಿಗಾಲಲ್ಲೇ ಓಡಿದೆ. "ಸಾ, ಮುನಿಲಕ್ಷ್ಮಿ ಇಲ್ಲೇ ಇರೋದು! ನಾನೇ ಎತ್ತಾಡ್ಸಿದ ಕೂಸು ಸಾ, ಬರ್ಕೊಳ್ಳಿ!"

ಅವನು ಕಕ್ಕಾಬಿಕ್ಕಿಯಾದ. ಯಾರದೋ ಬೈಕು ಕಳುವಾದ ವಿಚಾರಕ್ಕೆ ಬಂದಿದ್ದ.

ಮುನಿಲಕ್ಷ್ಮಿ ಹೊರಗೆ ಬಂದು ನನ್ನ ತೋಳು ಹಿಡಿದಳು. "ಒಳಕ್ಕೆ ಬಾ ದೊಡ್ಡಪ್ಪ," ಎಂದಳು. "ಇನ್ಯಾರೂ ನನ್ನ ಕೇಳ್ಕೊಂಡು ಬರಲ್ಲ."