ಹಂದಿ ರೂಪಾಯಿಗೆ ಹುಣಸೆಹುಳಿ

ಬೊರಿವಲಿಯ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಕಾಂತಪ್ಪಣ್ಣ, ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತನಾಲ್ಕು ವರ್ಷ ಕೂತು ದುಡ್ಡು ತೆಗೆದುಕೊಂಡವರು. ಅನುಮಾನ ಬಂದ ನಾಣ್ಯವನ್ನು ಮಾರ್ಬಲ್ ಕಲ್ಲಿನ ಮೇಲೆ ಬೀಳಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಒಮ್ಮೆ ಸೈ ಎಂದು ಒಳಗೆ ಹಾಕಿದ ಮೇಲೆ ಮುಗಿಯಿತು. ಗಲ್ಲಾಕ್ಕೆ ಬಿದ್ದದ್ದನ್ನು ಮತ್ತೆ ಅನುಮಾನಿಸಿದರೆ ಲಕ್ಷ್ಮಿಗೆ ಅವಮಾನ ಎಂಬುದು ಅವರ ಶಾಸ್ತ್ರ.

ನಿವೃತ್ತಿಯಾದ ಮೇಲೆ ಆ ಕಿವಿಗೆ ಕೆಲಸವಿಲ್ಲದಾಯಿತು. ಹಳೇ ನಾಣ್ಯಗಳ ಆನ್‌ಲೈನ್ ಹರಾಜು ನೋಡುವ ಮುಂಬೈ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ ಸೇರಿ, ಖೋಟಾ ಹಿಡಿಯುವ ಕೆಲಸವನ್ನು ಯಾರೂ ಕೊಡದೆಯೇ ವಹಿಸಿಕೊಂಡರು. ನನ್ನ ಫೋನಿನ ಸ್ಕ್ರೀನು ದೊಡ್ಡದೆಂದು ದಿನಾ ನನ್ನ ಮನೆಗೆ ಬಂದು, ನನ್ನದೇ ಚಹಾ ಕುಡಿದು, ನನಗೇ ಪಾಠ ಮಾಡುತ್ತಿದ್ದರು. ಅಂಚಿನಲ್ಲಿ ಸುತ್ತ ಗೆರೆ ಕಂಡರೆ ಎರಕ ಹೊಯ್ದದ್ದು. ಎರಡು ನಾಣ್ಯಗಳ ಒಂದೇ ಜಾಗದಲ್ಲಿ ಒಂದೇ ಗೀರಿದ್ದರೆ ಎರಡೂ ಒಂದೇ ಖೋಟಾ ಅಚ್ಚಿನ ಮಕ್ಕಳು. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಮಾರುವವನಿಗೆ ವಿಡಿಯೋ ಕಾಲ್ ಮಾಡಿ, ನಾಣ್ಯವನ್ನು ನೆಲಕ್ಕೆ ಬೀಳಿಸು ಎನ್ನುವರು. ಒಬ್ಬನ ನಾಣ್ಯ ಉರುಳಿ ಕಪಾಟಿನಡಿ ಸೇರಿದಾಗ, ಅವನು ಕೋಲು ಹಾಕಿ ತೆಗೆಯುವ ತನಕ ಮುಕ್ಕಾಲು ಗಂಟೆ ಕಾಲ್ ಕಟ್ ಮಾಡದೆ ಕೂತಿದ್ದರು. ನನ್ನ ಫೋನಿನಲ್ಲಿ.

ಹೀಗಿರುವಾಗ ಹರಾಜಿಗೆ ಬಂತು ೧೯೧೧ರ ಬೆಳ್ಳಿ ರೂಪಾಯಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಗಲಾಟೆ ಮಾಡಿದ್ದಕ್ಕೆ ಸರಕಾರ ಹಿಂದಕ್ಕೆ ಪಡೆದು ಕರಗಿಸಿದ ನಾಣ್ಯ ಅದು. ಉಳಿದವು ಕಡಿಮೆ, ಆದ್ದರಿಂದ ನಕಲಿ ಹೆಚ್ಚು. ಕಾಂತಪ್ಪಣ್ಣ ಅದನ್ನು ವಿಡಿಯೋದಲ್ಲಿ ಬೀಳಿಸಲು ಹೇಳಿ ಎಂದಿನಂತೆ ಕಣ್ಣು ಮುಚ್ಚಿದರು. ಮಾರುವವನ ಕೈ ಮೇಜಿನ ಕೆಳಗೆ ಹೋದದ್ದನ್ನು ನಾನು ನೋಡಿದೆ, ಹೇಳಿಯೂ ಹೇಳಿದೆ. ಸದ್ದು ಮಾಡಬೇಡಿ ಎಂದು ನನ್ನನ್ನೇ ಗದರಿದರು. ಠಣ್ ಎಂದು ಬೆಳ್ಳಿಯ ಸದ್ದು ಬಂತು. ಜೀವಮಾನದಲ್ಲಿ ಮೊದಲ ಸಲ ತಾವೇ ಹರಾಜು ಕೂಗಿ ಗೆದ್ದು, ಗ್ರೂಪಿನಲ್ಲಿ ಬರೆದರು: “ಅಸಲಿ. ನನ್ನ ಕಿವಿಯೇ ಜಾಮೀನು.”

ಆ ಮಾತಿಗೆ ಕಿವಿಗೊಟ್ಟವನು ಅಂಧೇರಿಯ ಆಫೀಸೊಂದರ ವಾಚ್‌ಮನ್, ಕಲಬುರಗಿ ಕಡೆಯ ಬಸವಂತರಾಯ. ಅದೇ ಮಾರಾಟಗಾರ ಅಂಥದೇ ಇನ್ನೊಂದನ್ನು ಹರಾಜಿಗಿಟ್ಟಿದ್ದ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಸಂಜೆ ಆರಕ್ಕೆ ಮುಕ್ತಾಯ. ವರ್ಷವಿಡೀ ಉಳಿಸಿದ್ದನ್ನೆಲ್ಲ ಅದಕ್ಕೆ ಹಾಕಲು ಅವನು ತಯಾರಾಗಿದ್ದ.

ಕಾಂತಪ್ಪಣ್ಣನ ರೂಪಾಯಿ ಪೂಜೆಯ ಹಿಂದಿನ ದಿನ ಕೊರಿಯರಿನಲ್ಲಿ ಬಂತು. ಬೀಳಿಸಿ ನೋಡಿದರೇ? ಇಲ್ಲ. ಒಮ್ಮೆ ಸೈ ಎಂದದ್ದಲ್ಲವೇ! ನೇರ ದೇವರ ಪೆಟ್ಟಿಗೆಗೆ ಹಾಕಿದರು.

ಮರುದಿನ ಸಂಜೆ ಐದೂವರೆಗೆ ಅವರ ಮನೆಯಿಂದ ಕೂಗು ಕೇಳಿ ಓಡಿದೆ. ಅವರ ಹೆಂಡತಿ ರಾಜೀವಿ ಅಕ್ಕ ಪ್ರತಿ ದೀಪಾವಳಿಗೆ ಮಾಡುವ ಹಾಗೆ ಪೂಜೆಯ ನಾಣ್ಯಗಳನ್ನೆಲ್ಲ ಹುಣಸೆಹುಳಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದರು, ಹಂದಿ ರೂಪಾಯಿಯನ್ನೂ ಸೇರಿಸಿ. ಹಳೇ ನಾಣ್ಯ ತೊಳೆದರೆ ಬೆಲೆಯೇ ಹೋಯಿತು ಎಂದು ಕಾಂತಪ್ಪಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ಬೆಲೆ ಹೋದದ್ದಲ್ಲ ಮಾರಾಯ್ರೆ, ಬೆಳ್ಳಿಯೇ ಹೋದದ್ದು. ನೋಡಿ” ಎಂದರು ಅಕ್ಕ. ರಾಜನ ಮೂಗು ಹಿತ್ತಾಳೆಯಾಗಿತ್ತು.

ಕಾಂತಪ್ಪಣ್ಣ ಅದನ್ನು ಅಡುಗೆಮನೆಯ ನೆಲಕ್ಕೆ ಬೀಳಿಸಿದರು. ಚಮಚ ಬಿದ್ದ ಸದ್ದು. ಅಂದು ವಿಡಿಯೋದಲ್ಲಿ ಠಣ್ ಎಂದದ್ದು ಮೇಜಿನ ಕೆಳಗಿನ ಬೇರೆ ನಾಣ್ಯ. ರಾಜನ ಕಿವಿಯ ಪಕ್ಕ ಒಂದು ಗೀರಿತ್ತು. ನನ್ನ ಫೋನಿನಲ್ಲಿ ಎರಡನೇ ನಾಣ್ಯದ ಫೋಟೋ ತೆರೆದರೆ ಅಲ್ಲೂ ಅದೇ ಗೀರು.

ಬಸವಂತರಾಯನಿಗೆ ಸುಮ್ಮನೆ ಬೇಡ ಎನ್ನಿ, ಗ್ರೂಪಿನಲ್ಲಿ ನಿಮ್ಮ ಅಸಲಿ ನಾಣ್ಯವನ್ನು ಹೆಂಡತಿ ತೊಳೆದು ಕೆಡಿಸಿದಳು ಎನ್ನಿ, ಮರ್ಯಾದೆ ಉಳಿಯುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅಷ್ಟರಲ್ಲಿ ಬಸವಂತರಾಯನ ಫೋನ್ ಬಂತು.

“ಅಣ್ಣಾರ, ಇನ್ನ ಹತ್ತ ನಿಮಿಷ ಅದರಿ. ಹಾಕ್ಲೇನ್ರಿ?”

ಕಾಂತಪ್ಪಣ್ಣ ಹಿತ್ತಾಳೆ ಮೂಗನ್ನೇ ನೋಡುತ್ತಿದ್ದರು. “ಹಾಕಬೇಡಿ. ನನ್ನದು ಖೋಟಾ ಉಂಟು. ನಾನೇ ಮೋಸ ಹೋದೆ.” ಇದೇ ಮಾತನ್ನು ಗ್ರೂಪಿನಲ್ಲೂ ಬರೆದು, ಯಾರ ಉತ್ತರಕ್ಕೂ ಕಾಯದೆ ಗ್ರೂಪ್ ಬಿಟ್ಟರು. ಆಮೇಲೆ ಎರಡು ವಾರ ನನ್ನ ಮನೆಗೂ ಬರಲಿಲ್ಲ. ನನಗೆ ಚಹಾ ರುಚಿಸಲಿಲ್ಲ, ನಿಜ ಹೇಳುತ್ತೇನೆ.

ಮೂರನೇ ಭಾನುವಾರ ಬಸವಂತರಾಯ ಬಟ್ಟೆಯಲ್ಲಿ ಕಟ್ಟಿದ ತನ್ನ ಅಜ್ಜಿಯ ಬೆಳ್ಳಿ ರೂಪಾಯಿ ಹಿಡಿದು ಕಾಂತಪ್ಪಣ್ಣನ ಮನೆಗೆ ಬಂದ, ಜೊತೆಗೆ ನಾನೂ ಹೋದೆ. ಅಸಲಿಯೋ ಅಲ್ಲವೋ ಹೇಳಬೇಕಂತೆ. ನನ್ನ ಕಿವಿಯನ್ನು ಇನ್ನೂ ನಂಬುತ್ತೀರಾ ಎಂದು ಕಾಂತಪ್ಪಣ್ಣ ಮುಖ ತಿರುಗಿಸಿದರು.

“ಅಸಲಿ ಅನ್ನೋರು ಗ್ರೂಪ್‌ನ್ಯಾಗ ಐವತ್ತ ಮಂದಿ ಅದಾರ್ರಿ. ಮೋಸ ಹೋದೆ ಅಂದವ್ರು ನೀವೊಬ್ರೇ.”

ಕಾಂತಪ್ಪಣ್ಣ ಕನ್ನಡಕ ಒರೆಸಿಕೊಂಡರು. ನಾಣ್ಯವನ್ನು ಮನೆಯ ಮಾರ್ಬಲ್ ನೆಲದ ಮೇಲೆ ಬೀಳಿಸಿ, ಈ ಸಲ ಎರಡೂ ಕಣ್ಣು ಅಗಲಿಸಿ ನೋಡುತ್ತಾ ಕೇಳಿದರು. ಠಣ್ ಎಂದದ್ದು ಅಡುಗೆಮನೆಯವರೆಗೂ ಹೋಯಿತು.

“ಒಮ್ಮೆ ಇಲ್ಲಿ ಕೊಡಿ ನೋಡುವ” ಎನ್ನುತ್ತಾ ರಾಜೀವಿ ಅಕ್ಕ ಹುಣಸೆಹುಳಿಯ ಉಂಡೆ ಹಿಡಿದು ಬಾಗಿಲಿಗೆ ಬಂದರು. ಕಾಂತಪ್ಪಣ್ಣ ಎರಡೂ ಕೈಗಳಿಂದ ನಾಣ್ಯವನ್ನು ಮುಚ್ಚಿಕೊಂಡರು.